ಷರಾ

ಬಿಷ್ಕೆಕ್‌ನ ಜಲಮಾಪನ ಕಚೇರಿಯ ನೆಲಮಾಳಿಗೆಯಲ್ಲಿ
ಮುನ್ನೂರ ಹನ್ನೊಂದು ದಫ್ತರ.
ಮೊದಲ ದಿನ ಸೀನು, ಎರಡನೆಯ ದಿನ ಕೆಮ್ಮು,
ಮೂರನೆಯ ದಿನಕ್ಕೆ ಅಭ್ಯಾಸ.

ಕೆಲಸ ಇಷ್ಟೆ: ಪುಟ ಮಗುಚು, ಗಾಜಿನಡಿ ಇಡು, ಬೆಳಕು ಹಾಯಲಿ,
ಅಂಕಿಯನ್ನು ಅಂಕಿಯ ಮನೆಗೆ ಮುಟ್ಟಿಸು.
ನರೀನ್ ನದಿ, ಬೆಳಿಗ್ಗೆ ಎಂಟು, ರಾತ್ರಿ ಎಂಟು,
ನೀರು ಎಷ್ಟು ಸೆಂಟಿಮೀಟರು.

ಆದರೆ ಯಾರ ಎಂಟು?
ಹಳೆಯ ದಫ್ತರಗಳಲ್ಲಿ ಮಾಸ್ಕೋದ ಎಂಟು,
ಹೊಸವುಗಳಲ್ಲಿ ನಮ್ಮದೇ ಎಂಟು,
ಬದಲಾದದ್ದು ಯಾವಾಗ ಎಂದು ಯಾವ ಪುಟವೂ ಬಾಯಿ ಬಿಡದು.
ಕೆಳಗೆ ನಮಂಗಾನ್‌ನಿಂದ ಓಯ್‌ದಿನ್ ಬರೆದಳು:
'ಈ ವರ್ಷದಿಂದ ನಿಮ್ಮ ನೀರು
ಮೂರು ತಾಸು ಬೇಗ ನಡೆಯತೊಡಗಿದೆ. ಏನವಸರ ಅದಕ್ಕೆ?'
ಹಾಗೆ ಸಿಕ್ಕಿತು ವರ್ಷ.

ನಮ್ಮ ಎಸೆನ್‌ಕುಲ್ ಸಾಹೇಬರು ಚಹಾದ ಬಟ್ಟಲು ಕೆಳಗಿಡದೆ ಕೇಳಿದ್ದರು,
'ನೀರೂ ಕೊಟ್ಟು ಲೆಕ್ಕವನ್ನೂ ಕೊಡುವುದೇ?'
ಎರಡು ಚಳಿಗಾಲ ಆ ಒಂದು ರುಜುವಿಗೆ ಕಾದೆವು.
ಅಷ್ಟರಲ್ಲಿ ನೀರು
ಗಡಿಯಲ್ಲಿ ಚೀಟಿ ತೋರಿಸದೆ
ಎಷ್ಟೋ ಸಲ ಇಳಿದು ಹೋಗಿತ್ತು.

ಮೂರು ದೇಶ ಸೇರಿ ಮಾಡಿದ ನಮೂನೆಗೆ ಎಂಟು ಕಾಲಂ.
ದಫ್ತರಕ್ಕೆ ಒಂಬತ್ತು.
ಒಂಬತ್ತನೆಯದು ಷರಾ, ಅದನ್ನು ಬಿಡಿ ಎಂದಿತ್ತು ಸುತ್ತೋಲೆ.
ಬಿಡುತ್ತಲೇ ಇದ್ದೆ, ಓದುತ್ತಲೂ ಇದ್ದೆ.

ಮೇಲಿನ ಠಾಣೆಯ ತೊಕ್ತೊಬುಬು,
ಶಾಯಿ ಹೆಪ್ಪುಗಟ್ಟುವುದೆಂದು ಸದಾ ಪೆನ್ಸಿಲ್:
'ಅಳತೆಗೋಲು ಹಿಮದಡಿ. ಕೊಡಲಿಯಿಂದ ಬಿಡಿಸಿದೆ.'
'ಮಂಜು. ಇದು ಅಂದಾಜು.'
ತೊಂಬತ್ತಮೂರರಲ್ಲಿ ಹಿಟ್ಟಿನ ಚೀಲ ಹರಿದ ಕಾಗದದ ಮೇಲೆ:
'ಏಳು ತಿಂಗಳಿಂದ ಸಂಬಳ ಇಲ್ಲ. ನೀರು ಇದೆ. ೧೪೨.'

ಒಂದು ಮಧ್ಯಾಹ್ನ ಓಯ್‌ದಿನ್:
ಎಪ್ಪತ್ತೆಂಟರ ಮೇ ಮೂರು, ನಾನೂರ ಹನ್ನೆರಡು.
ಹಿಂದಿನ ದಿನ ಇನ್ನೂರ ಹತ್ತು, ಮರುದಿನ ಇನ್ನೂರ ಹದಿನೈದು.
ಒಂದೇ ದಿನದ ಪ್ರವಾಹ, ಬಂದದ್ದೆಲ್ಲಿಂದ, ಹೋದದ್ದೆಲ್ಲಿಗೆ?
ಆ ಕಾಲದಲ್ಲಿ ತಂತಿಯಲ್ಲಿ ಅಂಕಿ ಮಾತ್ರ ಹೋಗಿತ್ತು,
ಅಂಕಿ ನಂಬಿ ಅವರು ಕಾಲುವೆಯ ಗೋಡೆಯನ್ನು
ಎರಡು ಮೀಟರು ಎತ್ತರಿಸಿದ್ದರು.
ಅವಳ ಅಜ್ಜ ಅದಕ್ಕೆ ಕಲ್ಲು ಹೊತ್ತವರು.

ದಫ್ತರ ತೆರೆದೆ. ಎರಡರ ಬಾಲ ಎಳೆದು ನಾಲ್ಕು ಮಾಡಿದ
ಅಪರಿಚಿತ ಕೈ. ಪಕ್ಕದಲ್ಲಿ ಪರಿಚಿತ ಪೆನ್ಸಿಲ್:
'ಇವತ್ತು ಓದಿದ್ದು ನನ್ನ ಗಂಡ. ನಂಬಬೇಡಿ.'

ಫೋನು ಮಾಡಿದೆ. ಎಂಬತ್ತಾರರ ದನಿ,
ಹಿಂದೆ ಎಲ್ಲೋ ಕುದುರೆ ಕೆನೆತ.
ತಡೆದು ತಡೆದು ವಿಷಯ ಹೇಳಿದೆ.
'ಬರೆದಿದ್ದೆನಲ್ಲ,' ಅಂದಳು.
'ಅದನ್ನು ಯಾರೂ ಓದಲೇ ಇಲ್ಲವೆ?'

ಓಯ್‌ದಿನ್ ನಾಲ್ಕು ದಿನ ಉತ್ತರಿಸಲಿಲ್ಲ.
ಆಮೇಲೆ ಒಂದು ಚಿತ್ರ ಬಂತು: ಸಂಜೆ, ಆ ಗೋಡೆ,
ಕಾಲು ಇಳಿಬಿಟ್ಟು ಕರಬೂಜ ತಿನ್ನುವ ಮಕ್ಕಳು,
ಅವರ ಕಾಲಿಗೂ ನೀರಿಗೂ ನಡುವೆ
ಎಂದೂ ಬಾರದ ಪ್ರವಾಹದಷ್ಟು ಜಾಗ.
ಕೆಳಗೆ ಒಂದೇ ಸಾಲು:
'ತಿದ್ದಬೇಡ. ಷರಾ ಸಮೇತ ಇರಲಿ.'

ಒಂಬತ್ತನೆಯ ಕಾಲಂಗೆ ಮತ್ತೆ ಪತ್ರ, ಮತ್ತೆ ಸಭೆ,
ಎಷ್ಟು ಅಕ್ಷರ ಹಿಡಿಸಬೇಕು ಎಂಬ ಜಗಳ ಬೇರೆ.
ಎಸೆನ್‌ಕುಲ್ ಸಾಹೇಬರು ನಲವತ್ತು ಅಂದರು.
ಅವಳ ಹಿಟ್ಟಿನ ಚೀಲ ಮೇಜಿನ ಮೇಲಿಟ್ಟೆ.
ಓದಿದರು. ಕನ್ನಡಕ ಒರೆಸಿದರು. ಅಂಕೆ ಹೊಡೆದುಹಾಕಿದರು.

ನಿನ್ನೆ ಖುಜಂದ್‌ನಿಂದ ಆ ಮನೆಗೆ ಮೊದಲ ಬರಹ ಬಂತು,
ಝಫರ್‌ನದು, ರಾತ್ರಿ ಎಂಟು, ನಮ್ಮ ಮೂವರ ಎಂಟು:
'ಯಂತ್ರ ಕೆಟ್ಟಿದೆ. ಟಾರ್ಚು ಹಿಡಿದು ಇಳಿದು ನಾನೇ ಓದಿದೆ.
ನಂಬಬಹುದು.'